ನರೆತವರ ತೋಟ

ಉಗುರಿನ ಸಂದಿಯ ಮಣ್ಣು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಮಗಳು ತಾಯಿಯ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಬೆಚ್ಚನೆಯ ಸಾಬೂನು ನೀರಿನ ಬೋಗುಣಿ. ಬಟ್ಟೆಯಲ್ಲಿ ತಿಕ್ಕಿ ಆಯಿತು, ಹಳೆಯ ಬ್ರಷ್ಷಿನಲ್ಲಿ ಉಜ್ಜಿ ಆಯಿತು. ಈಗ ಬೆಂಕಿಕಡ್ಡಿಯ ತುದಿಯನ್ನು ಚೂಪು ಮಾಡಿಕೊಂಡು ಒಂದೊಂದೇ ಉಗುರಿನ ಕೆಳಗೆ ಮೆಲ್ಲಗೆ ಕೆರೆಯುತ್ತಿದ್ದಳು, ಎಲ್ಲಿ ನೋವಾದೀತೋ ಎಂಬಂತೆ.

"ಸಾಕು ಬಿಡೇ," ಎಂದ ಅವಳ ಗಂಡ ಬಾಗಿಲ ಬಳಿ ನಿಂತು. ಅವನು ಬಸ್ಸಿನ ಡ್ರೈವರು. ದಿನವಿಡೀ ಪ್ರಯಾಣಿಕರ ಜಗಳ ಕೇಳಿ ಕೇಳಿ ಮನೆಯಲ್ಲಿ ಮೆತ್ತಗೆ ಮಾತಾಡುವುದನ್ನು ಕಲಿತಿದ್ದ. "ಮೇಲೆ ಹೊದಿಕೆ ಹೊದಿಸ್ತೀವಲ್ಲ. ಕೈ ಯಾರು ನೋಡ್ತಾರೆ?"

"ನಾನು ನೋಡ್ತೀನಿ."

ಹೆಂಡತಿಯ ಹಟದ ಮುಂದೆ ಬ್ರೇಕು ಹಿಡಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಅವಳ ಲೆಕ್ಕ ಸರಳವಾಗಿತ್ತು. ಬದುಕಿದ್ದಷ್ಟು ದಿನ ಆ ತೋಟ ಅಮ್ಮನನ್ನು ಬಿಡಲಿಲ್ಲ. ಕೊನೆಗೆ ಬಿದ್ದದ್ದೂ ಅಲ್ಲೇ, ಕುಂಬಳದ ಪಾತಿಯ ಪಕ್ಕದಲ್ಲಿ. ಆಸ್ಪತ್ರೆಯಲ್ಲಿ ಎರಡು ರಾತ್ರಿ ಮಲಗಿದ್ದಾಗಲೂ ಕಣ್ಣು ಬಿಟ್ಟಾಗಲೆಲ್ಲ ನೀರು ಬಿಟ್ಟರಾ, ಸಸಿ ನೆಟ್ಟರಾ ಎಂದೇ ಕೇಳುತ್ತಿದ್ದಳು. ಇವತ್ತೊಂದು ದಿನವಾದರೂ ಅಮ್ಮ ಆ ಮಣ್ಣನ್ನು ತೊಳೆದುಕೊಂಡು, ಬರೀ ತನ್ನ ಅಮ್ಮನಾಗಿ ಹೋಗಲಿ. ಇಷ್ಟು ಕೇಳುವ ಹಕ್ಕು ಹೆತ್ತ ಮಗಳಿಗೆ ಇಲ್ಲವೇ?

ಬಡಗಿ ಪೆಟ್ಟಿಗೆ ತಂದ. ಬಟ್ಟೆ ಗಿರಣಿಯ ಹಳೆಯ ವಸತಿಸಾಲಿನಲ್ಲಿ ಅಮ್ಮನ ಮನೆ ಅದು. ಒಂದು ಕೋಣೆ, ಒಂದು ಅಡುಗೆಮನೆ. ಮಂಚವನ್ನು ಹೊರಗಿಟ್ಟ ಮೇಲೆಯೇ ಪೆಟ್ಟಿಗೆ ಒಳಗೆ ಹಿಡಿಸಿತು. ನಾಲ್ಕು ಜನ ಸೇರಿ ಲಾಳಿಯನ್ನು ಅದರಲ್ಲಿ ಮಲಗಿಸಿದರು. ಲಾಳಿ ಅವಳ ನಿಜವಾದ ಹೆಸರಲ್ಲ. ಮಗ್ಗದ ಲಾಳಿಯ ಹಾಗೆ ಅತ್ತಿಂದಿತ್ತ ಇತ್ತಿಂದತ್ತ ಓಡಾಡುತ್ತಲೇ ಇರುತ್ತಾಳೆಂದು ಗಿರಣಿಯವರು ಇಟ್ಟದ್ದು. ಗಿರಣಿ ಮುಚ್ಚಿದರೂ ಹೆಸರು ಮುಚ್ಚಲಿಲ್ಲ. ಈಗ ಇಷ್ಟು ನೆಟ್ಟಗೆ, ಇಷ್ಟು ಸುಮ್ಮನೆ ಮಲಗಿದ್ದವಳನ್ನು ನೋಡಿ ಮಗಳಿಗೆ ಯಾರೋ ಬೇರೆಯವರನ್ನು ತಂದು ಮಲಗಿಸಿದ್ದಾರೆ ಎನ್ನಿಸಿತು.

ಅಷ್ಟರಲ್ಲಿ ತೋಟದ ಕಡೆಯಿಂದ ಮೂವರು ಮುದುಕಿಯರು ಬಂದರು. ಮೂವರೂ ಲಾಳಿಯ ಜೊತೆ ಗಿರಣಿಯಲ್ಲಿ ದುಡಿದವರು. ಮುಂದೆ ಇದ್ದವಳು ಗಂಟಿನಕ್ಕ. ಹರಿದ ನೂಲಿಗೆ ಕಣ್ಣು ಮಿಟುಕಿಸುವುದರೊಳಗೆ ಗಂಟು ಹಾಕುತ್ತಿದ್ದವಳು. ಅವಳ ಹಿಂದೆ ದಪ್ಪಕ್ಕ. ಈಗ ಕಡ್ಡಿಯ ಹಾಗಿದ್ದಾಳೆ, ಆದರೂ ದಪ್ಪಕ್ಕನೇ. ಕೊನೆಯವಳು ಬಣ್ಣದಮ್ಮ, ನೂಲಿಗೆ ಬಣ್ಣ ಹಾಕುವ ವಿಭಾಗದಲ್ಲಿದ್ದವಳು. ಮಗ್ಗಗಳ ಸದ್ದಿನಲ್ಲಿ ಕಿವಿ ಕಳೆದುಕೊಂಡವರಾದ್ದರಿಂದ ಅವರು ಮೆಲ್ಲಗೆ ಮಾತಾಡಿದರೆ ಮೂರು ಮನೆ ಆಚೆ ಕೇಳುತ್ತಿತ್ತು.

"ಮರೀ, ಒಂದು ಮಾತು ಕೇಳೋಣ ಅಂತ ಬಂದ್ವಿ," ಎಂದು ಗಂಟಿನಕ್ಕ ಕೂಗಿದಳು. "ಪೆಟ್ಟಿಗೇನ ತೋಟದ ಒಳಗಿಂದ ತಗೊಂಡು ಹೋಗೋಣ. ಸ್ವಲ್ಪ ಹೊತ್ತು ಅಲ್ಲಿ ಇಳಿಸಿ, ಎಲ್ರೂ ಮುಖ ನೋಡಿ, ಆಮೇಲೆ ಸ್ಮಶಾನಕ್ಕೆ."

"ಬೇಡ ದೊಡ್ಡಮ್ಮ. ದೊಡ್ಡ ರಸ್ತೇಲಿ ನೇರವಾಗಿ ಹೋಗೋದು ಅಂತ ಹೇಳಿಯಾಗಿದೆ."

"ತೋಟದೋರೆಲ್ಲ ಬೆಳಿಗ್ಗೆಯಿಂದ ಅಲ್ಲಿ ಕಾಯ್ತಾ ನಿಂತಿದಾರೆ ಕಣೇ."

"ನೋಡೋರು ಇಲ್ಲಿಗೆ ಬರ್ಲಿ. ಬಾಗಿಲು ತೆಗೆದೇ ಇದೆ." ಮಗಳು ಬೋಗುಣಿಯ ನೀರನ್ನು ಹೊರಗೆ ಚೆಲ್ಲಿ ಬಂದಳು. "ನಮ್ಮನೇಲಿ ತಲೆಕೂದಲು ನೋಡಿ ಒಳಗೆ ಬಿಡೋ ಪದ್ಧತಿ ಇಲ್ಲ."

ಮೂವರ ಮುಖವೂ ಒಮ್ಮೆಗೇ ಇಳಿಯಿತು. ಅವರು ಹೋಗಿ ಗೋಡೆಯ ಪಕ್ಕದ ಬೆಂಚಿನ ಮೇಲೆ ಸಾಲಾಗಿ ಕೂತರು.

*

ಗಿರಣಿ ಮುಚ್ಚಿದಾಗ ಊರಿಗೆ ಉಳಿದದ್ದು ಒಂದು ಚಿಮಣಿ, ಗಾಜಿಲ್ಲದ ಕಿಟಕಿಗಳು, ಬಣ್ಣದ ಮನೆಯ ಹಿಂದಿನ ದೊಡ್ಡ ಅಂಗಳ. ಅಂಗಳದಲ್ಲಿ ಹುಲ್ಲೂ ಹುಟ್ಟುತ್ತಿರಲಿಲ್ಲ. ಗಾಳಿ ಬೀಸಿದರೆ ಒಮ್ಮೆ ನೀಲಿ, ಒಮ್ಮೆ ಇಟ್ಟಿಗೆ ಬಣ್ಣದ ಧೂಳೆದ್ದು ಒಣಹಾಕಿದ ಬಟ್ಟೆಗಳ ಮೇಲೆ ಕೂರುತ್ತಿತ್ತು. ಮಕ್ಕಳಿಗೆ ಮಾತ್ರ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇರಲಿಲ್ಲ. ಸಂಜೆ ಮನೆಗೆ ಬರುವಾಗ ಕೈಕಾಲು ಮೂಗು ಎಲ್ಲ ಬಣ್ಣ ಬಣ್ಣ. ಕೆಲಸ ಇರುವ ಊರುಗಳಿಗೆ ಜನ ಒಬ್ಬೊಬ್ಬರಾಗಿ ಹೊರಟರು, ಹೋಗಲಾಗದವರು ಉಳಿದರು.

ಒಂದು ದಿನ ಲಾಳಿ ಗುದ್ದಲಿ ಹಿಡಿದು ಆ ಅಂಗಳಕ್ಕೆ ಇಳಿದಳು. ಅವಳ ಹಿಂದೆ ಈ ಮೂವರು, ಅವರ ಹಿಂದೆ ಇನ್ನಷ್ಟು ಮುದುಕಿಯರು, ಕೆಲವರು ನಿವೃತ್ತ ಗಂಡಸರು. ಇಲ್ಲಿ ತೋಟ ಮಾಡುತ್ತೇವೆ, ಊರಿನವರೆಲ್ಲ ಒಂದೊಂದು ಪಾತಿ ಬೆಳೆಯಬಹುದು ಎಂದರು. ಊರಿಗೆ ಊರೇ ನಕ್ಕಿತು. ಕೆಲಸ ಇಲ್ಲದ ಮುದುಕಿಯರಿಗೆ ಮಣ್ಣಾಟ ಎಂದರು.

ಮಗಳು ನಗಲಿಲ್ಲ. ಆಗ ಅವಳು ಬಸ್ ನಿಲ್ದಾಣದ ಎದುರು ಹೊಲಿಗೆ ಅಂಗಡಿ ಹಾಕಿಕೊಂಡಿದ್ದಳು. ಒಂದು ಬಸುರು ಕೈಬಿಟ್ಟು ಹೋಗಿ, ಬಹಳ ದಿನ ಕಾದ ಮೇಲೆ ಮತ್ತೆ ನಿಂತಿತ್ತು. ಗಂಡನಿಗೂ ಹೇಳಿರಲಿಲ್ಲ. ಮೊದಲು ಅಮ್ಮನಿಗೆ ಹೇಳಬೇಕು ಎಂದುಕೊಂಡು ಊಟದ ಡಬ್ಬಿ ಕಟ್ಟಿಕೊಂಡು, ಹೆಗಲ ಮೇಲೆ ಗಂಡನ ಸಲಿಕೆ ಇಟ್ಟುಕೊಂಡು ಅಂಗಳದ ಗೇಟಿಗೆ ಹೋದಳು. ಸ್ವಲ್ಪ ಹೊತ್ತು ಅಮ್ಮನ ಜೊತೆ ಅಗೆದು, ಊಟಕ್ಕೆ ಕೂತಾಗ ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು.

ಲಾಳಿ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಗೇಟಿಗೆ ಬಂದಳು. ಮಗಳ ಮುಖವನ್ನೊಮ್ಮೆ ನೋಡಿದಳು. ಕೈ ಅಡ್ಡ ಹಿಡಿದಳು.

"ಎಲ್ಲಿಗೆ ಬಂದೆ?"

"ನಾನೂ ಕೈಜೋಡಿಸೋಣ ಅಂತ. ಅಮ್ಮಾ, ನಿಂಗೊಂದು ವಿಷಯ..."

"ವಿಷಯ ಗಿಷಯ ಮನೇಲಿ. ಇದು ನರೆತವರ ತೋಟ. ತಲೆ ನರೆತ ಮೇಲೆ ಬಾ, ಹೋಗು."

ಹೇಳಿ ಬೆನ್ನು ತಿರುಗಿಸಿದಳು. ಆ ಕಡೆ ಅಗೆಯುತ್ತಿದ್ದ ಹೆಂಗಸರೆಲ್ಲ ಗಹಗಹಿಸಿ ನಕ್ಕರು. ಗೇಟಿನ ಚಿಲಕ ಬಿತ್ತು. ಮಗಳು ಸಲಿಕೆ ಹೊತ್ತುಕೊಂಡು ಬಂದ ದಾರಿಯಲ್ಲೇ ವಾಪಸಾದಳು. ಅಂಗಡಿಗಳವರೆಲ್ಲ ನೋಡುತ್ತಿದ್ದಾರೆ ಎನ್ನಿಸಿ ಸಲಿಕೆಯನ್ನು ಹೆಗಲಿನಿಂದ ಇಳಿಸಿ ಕೈಯಲ್ಲಿ ಹಿಡಿದುಕೊಂಡಳು.

ಅವಳನ್ನೊಬ್ಬಳನ್ನೇ ಅಲ್ಲ, ಪ್ರಾಯದವರು ಯಾರೇ ಹೋದರೂ ಹಾಗೇ ಓಡಿಸುತ್ತಾರೆಂದು ಆಮೇಲೆ ಗೊತ್ತಾಯಿತು. ಮಕ್ಕಳು ಇಣುಕಿದರೂ ಕೋಲು ತೋರಿಸುತ್ತಿದ್ದರಂತೆ. ಮುದುಕಿಯರ ಸಾಮ್ರಾಜ್ಯ ಎಂದು ಊರು ಬೈದುಕೊಂಡಿತು. ಆದರೆ ಅವಳು ಊರಲ್ಲವಲ್ಲ, ಮಗಳು. ಮಗಳಿಗೂ ಅದೇ ಗೇಟು, ಅದೇ ಚಿಲಕ ಎಂದರೆ ಹೇಗೆ?

ಅದನ್ನಾದರೂ ನುಂಗಿಕೊಳ್ಳುತ್ತಿದ್ದಳು. ಹೆರಿಗೆ ಆಸ್ಪತ್ರೆಯಲ್ಲಿ ನಡೆದದ್ದು ಮಾತ್ರ ಗಂಟಲಲ್ಲೇ ನಿಂತಿತು. ಅಮ್ಮ ಬಂದು ಮಂಚದ ಕಾಲಬುಡದಲ್ಲಿ ನಿಂತಳು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು.

"ಎತ್ಕೋಮ್ಮಾ."

"ಕೈ ಸರಿಯಿಲ್ಲ."

"ತೊಳ್ಕೊಂಡು ಬಾ. ಅಲ್ಲೇ ನಲ್ಲಿ ಇದೆ."

"ತೊಳೆದ್ರೆ ಹೋಗೋದಲ್ಲ ಇದು," ಎಂದು ಲಾಳಿ ದೂರದಿಂದಲೇ ಮಗುವಿನ ಮುಖ ನೋಡಿ, ಹೊರಟುಹೋದಳು.

ಎರಡು ಮಳೆಗಾಲ ಕಳೆದ ಮೇಲೆ ಗೇಟು ಎಲ್ಲರಿಗೂ ತೆರೆಯಿತು. ಅವತ್ತು ಲಾಳಿ ಹೊಲಿಗೆ ಅಂಗಡಿಗೆ ಬಂದು, ತೋಟದ ಮೊದಲ ಕುಂಬಳವನ್ನು ಮೇಜಿನ ಮೇಲಿಟ್ಟು, "ಬಾರೇ, ಇನ್ನು ಎಲ್ರೂ ಬರಬಹುದು," ಎಂದಳು. ಮಗಳು ಮಷಿನ್ನಿನ ಪೆಡಲಿನಿಂದ ಕಾಲು ತೆಗೆಯದೆ, "ನನ್ನ ತಲೆ ಇನ್ನೂ ನರೆತಿಲ್ಲ," ಎಂದಳು. ಲಾಳಿ ಕುಂಬಳವನ್ನು ಅಲ್ಲೇ ಬಿಟ್ಟು ಹೋದಳು.

ಆಮೇಲೆ ಮಾತಿಗೇನೂ ಕೊರತೆಯಾಗಲಿಲ್ಲ. ಮೊಮ್ಮಗಳು ಅಜ್ಜಿಯ ಸೊಂಟದ ಮೇಲೆಯೇ ಬೆಳೆದಳು, ತೋಟದಲ್ಲೇ ನಡೆಯಲು ಕಲಿತಳು. ಬಂದ ಜ್ವರಕ್ಕೆ, ಕೆಟ್ಟ ನಲ್ಲಿಗೆ ತಾಯಿ ಮಗಳು ಒಬ್ಬರ ಮನೆಗೊಬ್ಬರು ಓಡಿದ್ದೂ ಉಂಟು. ಆದರೆ ಆ ಗೇಟಿನೊಳಗೆ ಮಗಳು ಒಂದು ದಿನವೂ ಕಾಲಿಡಲಿಲ್ಲ. ಮಾರುಕಟ್ಟೆಗೆ ಹೋಗುವಾಗಲೂ ಸುತ್ತು ದಾರಿ ಹಿಡಿಯುತ್ತಿದ್ದಳು. ಅಮ್ಮ ಮತ್ತೆ ಕರೆಯಲಿಲ್ಲ. ಒಮ್ಮೆ ಕರೆದಿದ್ದರೆ ಹೋಗಿಬಿಡುತ್ತಿದ್ದಳೋ ಏನೋ. ಇವತ್ತು ಆ ಯೋಚನೆಯೇ ಅವಳನ್ನು ಕಿತ್ತು ತಿನ್ನುತ್ತಿತ್ತು.

*

ಕೋಣೆ ತುಂಬಿತು. ಬಂದವರು ಪೆಟ್ಟಿಗೆಯ ಸುತ್ತ ನಿಂತು ನೋಡಿ, ಮಗಳ ಹೆಗಲು ಮುಟ್ಟಿ, ಜಾಗ ಸಿಕ್ಕಲ್ಲಿ ಕೂತರು. ಯಾರೋ ಚಹಾ ಮಾಡಿದರು, ಮೊಮ್ಮಗಳು ಎಲ್ಲರಿಗೂ ಹಂಚಿದಳು. ಮಾತೆಲ್ಲ ಪಿಸುಪಿಸು.

ಮಗಳು ಪೆಟ್ಟಿಗೆಯ ತಲೆಯ ಕಡೆ ಕೂತಿದ್ದಳು. ಅತ್ತಿರಲಿಲ್ಲ. ಅಳು ಬರದಿದ್ದರೆ ಜನ ಏನೆಂದುಕೊಳ್ಳುತ್ತಾರೋ ಎಂದು ತಲೆ ತಗ್ಗಿಸಿಕೊಂಡಿದ್ದವಳು ಸುಮ್ಮನೆ ಒಮ್ಮೆ ಕಣ್ಣೆತ್ತಿದಳು. ಎದುರು ಗೋಡೆಯ ಬೆಂಚಿನಲ್ಲಿ ಮೂವರು ಮುದುಕಿಯರ ತುಟಿಗಳು ಆಡುತ್ತಿದ್ದವು. ದನಿ ಇರಲಿಲ್ಲ.

"ಪಾಪ, ಪ್ರಾರ್ಥನೆ ಮಾಡ್ತಿದಾರೆ," ಎಂದು ಪಕ್ಕದ ಮನೆಯವಳು ಕಣ್ಣೊರೆಸಿಕೊಂಡಳು. "ಈಗಿನ ಕಾಲದೋರಿಗೆ ಎಲ್ಲಿ ಬರಬೇಕು ಇಂಥ ಶ್ರದ್ಧೆ?"

ಪ್ರಾರ್ಥನೆಯಲ್ಲ, ತುಟಿಮಾತು ಎಂದು ಆ ಕೋಣೆಯಲ್ಲಿ ಗೊತ್ತಾದದ್ದು ಮಗಳೊಬ್ಬಳಿಗೇ.

ಮಗ್ಗಗಳು ಓಡುವಾಗ ಕಿವಿಯ ಪಕ್ಕ ಬಂದು ಕಿರುಚಿದರೂ ಕೇಳುವುದಿಲ್ಲ. ಅದಕ್ಕೇ ಗಿರಣಿಯ ಹೆಂಗಸರು ದನಿಯನ್ನು ಮನೆಯಲ್ಲಿಟ್ಟು ಬಂದು ತುಟಿಯಲ್ಲೇ ಮಾತಾಡುತ್ತಿದ್ದರು. ಬಾಯನ್ನು ಅಗಲ ಮಾಡಿ, ಒಂದೊಂದು ಅಕ್ಷರಕ್ಕೂ ತುಟಿಗೆ ಆಕಾರ ಕೊಟ್ಟು, ಬೇಕಾದಲ್ಲಿ ಕೈಸನ್ನೆ ಸೇರಿಸಿ, ಶೆಡ್ಡಿನ ಈ ತುದಿಯಿಂದ ಆ ತುದಿಗೆ ಅತ್ತೆ ಸೊಸೆ ಜಗಳ, ಮೇಸ್ತ್ರಿಯ ಮೇಲಿನ ಬೈಗುಳ ಎಲ್ಲವೂ ನಡೆಯುತ್ತಿತ್ತು. ಮೇಸ್ತ್ರಿ ನಡುವೆ ನಿಂತಿದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ.

ಲಾಳಿ ಅದನ್ನು ಮನೆಗೂ ತಂದಿದ್ದಳು. ಗಂಡನದು ರಾತ್ರಿ ಪಾಳಿ. ಹಗಲಿಡೀ ಈ ಒಂದೇ ಕೋಣೆಯಲ್ಲಿ ಅವನು ಮಲಗಿರುತ್ತಿದ್ದ. ಅವನ ನಿದ್ದೆ ಕೆಡಿಸಬಾರದೆಂದು ತಾಯಿ ಮಗಳು ಅಡುಗೆಮನೆಯ ಹೊಸ್ತಿಲ ಆಚೆ ಈಚೆ ಕೂತು ತುಟಿಯಲ್ಲೇ ಮಾತಾಡುತ್ತಿದ್ದರು. ಕಿವುಡಿನಿಂದಾಗಿ ಲಾಳಿಯ ದನಿ ಯಾವಾಗಲೂ ಜಗಳದ ದನಿಯೇ. ಪ್ರೀತಿಯ ಮಾತೇನಿದ್ದರೂ ಅವಳಿಂದ ಬಂದದ್ದು ತುಟಿಯ ಮೇಲೆ. ಹಸಿವಾಯ್ತಾ, ನೋವಾಯ್ತಾ, ಇಲ್ಲಿ ಬಾ, ನನ್ನ ಬಂಗಾರ. ಅಪ್ಪ ತೀರಿಕೊಂಡ ಮೇಲೆ ಕೋಣೆಯಲ್ಲಿ ಯಾರನ್ನೂ ಎಬ್ಬಿಸುವ ಭಯ ಉಳಿಯಲಿಲ್ಲ. ತುಟಿಮಾತು ತಾನಾಗಿಯೇ ನಿಂತಿತು. ಗಿರಣಿಯಲ್ಲಿ ಒಂದು ದಿನವೂ ದುಡಿಯದ ಈ ಹೊಲಿಗೆಯವಳಿಗೆ ಅದು ಬರುತ್ತದೆಂದು ಬೆಂಚಿನ ಮೇಲಿನ ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

"ಮುಖ ನೋಡ್ರೇ, ಹೇಗೆ ಬಿಗಿದುಕೊಂಡಿದಾಳೆ," ಎನ್ನುತ್ತಿದ್ದಳು ದಪ್ಪಕ್ಕ. "ಲಾಳಿಯ ಹಟಾನೇ ಎರಕ ಹೊಯ್ದಿದೆ."

"ಅತ್ತಿಲ್ಲ ಇನ್ನೂ," ಎಂದಳು ಗಂಟಿನಕ್ಕ.

"ಹೇಳಿಬಿಡೋಣ ಕಣ್ರೇ." ಇದು ಬಣ್ಣದಮ್ಮ. "ಇನ್ನು ನನ್ನ ಹೊಟ್ಟೇಲಿ ನಿಲ್ಲಲ್ಲ ಇದು."

"ಬಾಯಿ ಮುಚ್ಚು," ಎಂದಳು ಗಂಟಿನಕ್ಕ. "ಮಾತು ಕೊಟ್ಟಿದೀವಿ."

"ಯಾರಿಗೆ ಕೊಟ್ವೋ ಅವಳು ಇಲ್ಲಿ ಮಲಗಿದಾಳಲ್ಲ. ಎದ್ದು ಬಂದು ಕೇಳ್ತಾಳಾ? ಬಣ್ಣದ ಮನೆ ಮಣ್ಣಲ್ಲಿ ಸೀಸದ ವಿಷ ಇತ್ತು, ಬಸುರಿ ಅದರಲ್ಲಿ ಕಾಲಿಟ್ಟಿದ್ರೆ ಮಗೂಗೆ ಕೇಡು, ಅದಕ್ಕೇ ಓಡಿಸಿದ್ಲು. ಇಷ್ಟು ಹೇಳೋಕೆ ಎಷ್ಟು ಹೊತ್ತು?"

ಮಗಳ ಕೈ ಪೆಟ್ಟಿಗೆಯ ಅಂಚಿನ ಮೇಲೆ ಹಾಗೇ ನಿಂತಿತು.

"ಅವಳು ಬಸುರಿ ಅಂತ ಲಾಳಿಗೆ ಹೇಗೆ ಗೊತ್ತಾಯ್ತೋ," ಎಂದಳು ದಪ್ಪಕ್ಕ. "ಯಾರೂ ಹೇಳಿರ್ಲಿಲ್ಲವಂತೆ."

"ಮುಖ ನೋಡೇ ತಿಳ್ಕೊಂಡ್ಲು," ಎಂದಳು ಗಂಟಿನಕ್ಕ. "ನಿಂಗೆ ನೆನಪಿಲ್ವಾ? ನಮ್ಮ ಕಡೆ ತಿರುಗಿ, ಗಟ್ಟಿಯಾಗಿ ನಗ್ರೇ, ಅವಳು ಸಿಟ್ಟು ಮಾಡ್ಕೊಂಡು ಹೋಗ್ಲಿ, ಅಂತ ತುಟಿ ಆಡಿಸಿದ್ಲಲ್ಲ. ನಾವು ನಕ್ವಿ. ಲಾಳಿ ಗೋಡೆಗೆ ಒರಗಿ ನಡುಗ್ತಾ ಇದ್ಲು. ಮಗಳಿಗೆ ಮೊದಲೇ ಒಂದು ಹೋಗಿತ್ತಲ್ಲ ಪಾಪ, ಇದೂ ಹೋದ್ರೆ ಅಂತ."

"ಮಗು ಹುಟ್ಟಿದ ದಿನ ಆಸ್ಪತ್ರೆಯಿಂದ ನೇರ ನಮ್ಮನೆ ಹಿತ್ತಿಲಿಗೆ ಬಂದ್ಲು," ಎಂದಳು ಬಣ್ಣದಮ್ಮ. "ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೈ ತಿಕ್ಕಿದ್ದೇ ತಿಕ್ಕಿದ್ದು. ಚರ್ಮ ಕಿತ್ತು ಬರ್ತಿತ್ತು. ಬಿಡೇ ಅಂದ್ರೆ ಬಿಡ್ಲಿಲ್ಲ."

"ಎಲ್ಲಾ ಮುಗಿದು, ಮಣ್ಣು ಚೆನ್ನಾಗಿದೆ ಅಂತ ರಿಟೈರಾದ ಮೇಷ್ಟ್ರು ಪರೀಕ್ಷೆ ಮಾಡಿಸಿ ಹೇಳಿದ ಮೇಲಾದ್ರೂ ಮಗಳಿಗೆ ಹೇಳಬಹುದಿತ್ತು," ಎಂದಳು ದಪ್ಪಕ್ಕ.

"ನಾನು ಬಡ್ಕೊಳ್ಳಲಿಲ್ವಾ?" ಎಂದಳು ಬಣ್ಣದಮ್ಮ. "ಏನಂದ್ಲು ಅವಳು? ಗೊತ್ತಾದ್ರೆ ನಾನು ಒಂದು ಸಲ ಕೆಮ್ಮಿದ್ರೂ ಅವಳಿಗೆ ನಿದ್ದೆ ಹತ್ತಲ್ಲ. ಸಿಟ್ಟಿದ್ರೆ ಚೆನ್ನಾಗಿ ಮಲಗ್ತಾಳೆ, ಸಿಟ್ಟೇ ಇರ್ಲಿ ಅಂದ್ಲು."

ದಪ್ಪಕ್ಕ ಪೆಟ್ಟಿಗೆಯ ಕಡೆ ನೋಡಿದಳು. "ಆ ಮಣ್ಣಿಂದ್ಲೇ ಹೋದ್ಲೇನೇ?"

"ಯಾರಿಗೆ ಗೊತ್ತು. ಕಿಡ್ನಿ ಹೋಗಿತ್ತು ಅಂದ್ರು ಡಾಕ್ಟ್ರು. ವಯಸ್ಸೂ ಆಗಿತ್ತು. ನಾವೂ ಅದೇ ಮಣ್ಣು ಹೊತ್ತೋರು, ಗುಂಡುಕಲ್ಲಿನ ಹಾಗೆ ಕೂತಿಲ್ವಾ?"

"ಗುಂಡುಕಲ್ಲಂತೆ. ನನ್ನ ಮಂಡಿ ನೋಡು."

ಮಗಳ ತಲೆಯೊಳಗೆ ಎಲ್ಲವೂ ಜಾಗಕ್ಕೆ ಜಾಗ ಸೇರಿಕೊಂಡವು. ಮೂಗಿನ ಒದ್ದೆ ಬಟ್ಟೆ. ಮಣ್ಣಿಗೆ ನೀರು ಚಿಮುಕಿಸಿ, ಧೂಳೇಳದ ಹಾಗೆ ಹಸಿ ಮಾಡಿ, ಆಮೇಲೆ ಅಗೆಯುತ್ತಿದ್ದರೆಂದು ಊರು ನಕ್ಕದ್ದು. ಚೀಲ ಚೀಲ ಹೊತ್ತು ಬಣ್ಣದ ಮನೆಯ ದೊಡ್ಡ ತೊಟ್ಟಿಗೆ ಸುರಿದು, ಮೇಲೆ ಕಾಂಕ್ರೀಟು ಹಾಕಿಸಿದ್ದು. ಕೆರೆಯ ಹೂಳು ತಂದು ಹರಡಿದ್ದು. ಪ್ರಾಯದವರನ್ನೂ ಮಕ್ಕಳನ್ನೂ ಹತ್ತಿರ ಬಿಡದೆ, ಇನ್ನು ಹೆರುವುದಿಲ್ಲ ಬೆಳೆಯುವುದಿಲ್ಲ ಎನ್ನುವವರು ಮಾತ್ರ ಸೇರಿ ಆ ವಿಷವನ್ನು ಹೊತ್ತು ಹಾಕಿದ್ದರು. ಬಾಯಿ ಬಿಟ್ಟಿದ್ದರೆ ಸರ್ಕಾರದವರು ಬಂದು ಬೇಲಿ ಹಾಕಿ, ಬೀಗ ಜಡಿದು, ಕೈತೊಳೆದುಕೊಂಡು ಹೋಗುತ್ತಿದ್ದರು. ಬೇಲಿಯೊಳಗೆ ನಿಲ್ಲು ಎಂದರೆ ಧೂಳು ನಿಲ್ಲುತ್ತದೆಯೇ?

ತಿಳಿದಾಗ ಅವಳ ಎದೆಯಲ್ಲಿ ಮೊದಲು ಎದ್ದದ್ದು ಅಳುವಲ್ಲ, ಕಡುಕೋಪ. ಇಷ್ಟು ವರ್ಷ ತನ್ನನ್ನು ಮಗುವಿನ ಹಾಗೆ ನಡೆಸಿಕೊಂಡಿದ್ದಾಳೆ. ತನ್ನ ಸಿಟ್ಟನ್ನು ಸಸಿಯ ಹಾಗೆ ಸಾಕಿದ್ದಾಳೆ. ಈಗ ಜಗಳ ಆಡೋಣವೆಂದರೆ ಎದುರಿಗೆ ಜನವೇ ಇಲ್ಲ, ಕಣ್ಣು ಮುಚ್ಚಿ ಮಲಗಿಬಿಟ್ಟಿದ್ದಾಳೆ.

ಅವಳು ತಲೆ ಎತ್ತಿ, ಬೆಂಚಿನ ಕಡೆ ನೇರವಾಗಿ ನೋಡಿ, ದನಿಯಿಲ್ಲದೆ ತುಟಿ ಆಡಿಸಿದಳು.

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

ದಪ್ಪಕ್ಕನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಬಣ್ಣದಮ್ಮ ತನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂದು ಗೋಡೆಯ ಕಡೆ ತಿರುಗಿ ನೋಡಿದಳು. ಗಂಟಿನಕ್ಕನ ಕೈಯಲ್ಲಿದ್ದ ಚಹಾದ ಲೋಟ ಸೀರೆಯ ಮೇಲೆ ಮಗುಚಿತು.

"ನಿಂಗೆ ಬರುತ್ತಾ?" ಎಂದವು ಅವಳ ತುಟಿಗಳು.

"ಅಪ್ಪ ಮಲಗಿದ್ದಾಗ ಇನ್ನು ಹೇಗೆ ಮಾತಾಡ್ತಿದ್ವಿ ನಾವು?"

"ಎಷ್ಟು ಹೊತ್ತಿಂದ ನೋಡ್ತಿದೀಯ ಮರೀ?"

"ಮೊದಲಿಂದ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ನಡುವೆ ಪೆಟ್ಟಿಗೆ, ಪೆಟ್ಟಿಗೆಯ ಸುತ್ತ ಅರ್ಧ ಊರು. ಒಬ್ಬರಿಗೂ ಒಂದಕ್ಷರ ಕೇಳಲಿಲ್ಲ.

"ಮಗೂನ ಎತ್ಕೊಳ್ಳಲಿಲ್ಲವಲ್ಲ," ಎಂದಳು ಮಗಳು. ತುಟಿ ನಡುಗಿ ಮಾತು ಅಸ್ಪಷ್ಟವಾಯಿತೆಂದು ಮತ್ತೊಮ್ಮೆ, ನಿಧಾನವಾಗಿ ಹೇಳಿದಳು. "ಅಮ್ಮಂಗೆ ಎತ್ಕೊಳ್ಳಬೇಕು ಅಂತ ಇತ್ತಾ?"

ಗಂಟಿನಕ್ಕ ಎದ್ದು, ಜನರನ್ನು ದಾಟಿಕೊಂಡು ಬಂದು, ಮಗಳ ಪಕ್ಕದಲ್ಲಿ ಕುಸಿದು ಕೂತು ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಆಗ ಮಗಳಿಗೆ ಅಳು ಬಂತು. ಕೋಣೆಯಲ್ಲಿದ್ದವರು, ಅಬ್ಬಾ ಅತ್ತಳಲ್ಲ, ಇನ್ನು ಎದೆ ಹಗುರಾಗುತ್ತದೆ ಎಂದು ಮಾತಾಡಿಕೊಂಡರು.

ಪೆಟ್ಟಿಗೆ ಎತ್ತುವ ಹೊತ್ತಾಯಿತು. ಮಗಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು.

"ತೋಟದ ಒಳಗಿಂದ ಹೋಗೋಣ," ಎಂದಳು ಗಂಡನಿಗೆ.

"ಈಗ ತಾನೇ ಬೇಡ ಅಂದ್ಯಲ್ಲ. ಎಲ್ರಿಗೂ ದೊಡ್ಡ ರಸ್ತೆ ಅಂತ ಹೇಳಿ ಕಳಿಸಿಯಾಯ್ತು."

"ಈಗ ಬೇಕು ಅಂತಿದೀನಿ."

ಅವನು ಹೆಂಡತಿಯ ಮುಖ ನೋಡಿದ, ಮುದುಕಿಯರನ್ನು ನೋಡಿದ. ಏನೂ ಅರ್ಥವಾಗಲಿಲ್ಲ. ಹೊರಗೆ ಹೋಗಿ ಜನರಿಗೆ, "ದಾರಿ ಬದಲಾಗಿದೆ," ಎಂದಷ್ಟೇ ಹೇಳಿದ.

*

ಅವಳು ಮನಸ್ಸಿನಲ್ಲಿ ಬೈದುಕೊಂಡ ತೋಟಕ್ಕೂ ಕಣ್ಣೆದುರಿನ ತೋಟಕ್ಕೂ ಹೋಲಿಕೆಯೇ ಇರಲಿಲ್ಲ. ಮುದುಕಿಯರು ನಾಲ್ಕು ಸೊಪ್ಪು ಬೆಳೆಯುವ ಜಾಗ ಎಂದುಕೊಂಡಿದ್ದಳು. ಮಗ್ಗಗಳ ಕಬ್ಬಿಣದ ಚೌಕಟ್ಟುಗಳನ್ನು ಸಾಲಾಗಿ ನಿಲ್ಲಿಸಿದ್ದರು, ಅವುಗಳ ಮೇಲೆ ಬೀನ್ಸಿನ ಬಳ್ಳಿ ತಲೆಗಿಂತ ಎತ್ತರಕ್ಕೆ ಹಬ್ಬಿತ್ತು. ಒಡೆದ ಕಿಟಕಿಗಳ ಕೆಳಗೆ ಟೊಮೆಟೊ. ಚಿಮಣಿಯ ಬುಡದಲ್ಲಿ ಮಕ್ಕಳ ಉಯ್ಯಾಲೆ. ಪ್ರತಿ ಪಾತಿಯ ಪಕ್ಕದಲ್ಲೂ ಅದರವರು ನಿಂತಿದ್ದರು. ಹಾಲಿನವನು, ಶಾಲೆಯ ನಿವೃತ್ತ ಮೇಷ್ಟರು, ಹೊಸದಾಗಿ ಮದುವೆಯಾದ ಜೋಡಿ, ಕಂಕುಳಲ್ಲಿ ಕೂಸು ಹಿಡಿದ ತಾಯಂದಿರು. ಕೆಲವರು ಕೈಯಲ್ಲಿದ್ದ ನೀರಿನ ಪೈಪನ್ನೂ ಕೆಳಗಿಡದೆ ತಲೆ ತಗ್ಗಿಸಿದರು.

ಮಗಳು ಗೇಟಿನಲ್ಲಿ ಒಂದು ಕ್ಷಣ ನಿಂತಳು. ತಾಯಿ ಕೈ ಅಡ್ಡ ಹಿಡಿದಿದ್ದ ಜಾಗ. ಈಗ ಅಡ್ಡ ಬರಲು ಯಾರೂ ಇರಲಿಲ್ಲ, ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಹಿಂದೆ ಇದ್ದ ಬಣ್ಣದಮ್ಮ ಮೆಲ್ಲಗೆ ಬೆನ್ನ ಮೇಲೆ ಕೈಯಿಟ್ಟಳು. ಮಗಳು ಒಳಗೆ ಹೋದಳು.

ತೋಟದ ನಡುವೆ ಕಾಂಕ್ರೀಟಿನ ಅಗಲವಾದ ಕಟ್ಟೆಯೊಂದಿತ್ತು. ಸಂಜೆ ಹೊತ್ತು ಮುದುಕರು ಕೂತು ಹರಟುವ ಜಾಗ. ಹೆಗಲು ಕೊಟ್ಟವರು ಪೆಟ್ಟಿಗೆಯನ್ನು ಅದರ ಮೇಲೆ ಇಳಿಸಿದರು. ದ‌ಪ್ಪಕ್ಕ ಮಗಳ ಕಡೆ ನೋಡಿ, ಕಟ್ಟೆಯನ್ನು ಕಾಲಿನಿಂದ ಮೆಲ್ಲಗೆ ತಟ್ಟಿ, ತುಟಿಯಲ್ಲಿ ಹೇಳಿದಳು.

"ಇದರ ಕೆಳಗೇ ಇದೆ. ಹೊತ್ತು ಹಾಕಿದ್ದೆಲ್ಲ."

ಮಗಳು ತಲೆಯಾಡಿಸಿದಳು.

ಬಡಗಿ ಮುಚ್ಚಳ ತೆಗೆದ. ಜನ ಸಾಲಾಗಿ ಬಂದರು. ಹಾಲಿನವನು ಬಿಕ್ಕಿದ. ಕೂಸು ಎತ್ತಿಕೊಂಡಿದ್ದ ತಾಯಿಯೊಬ್ಬಳು ಅದರ ಪುಟ್ಟ ಕೈಯನ್ನು ಹಿಡಿದು ಪೆಟ್ಟಿಗೆಯ ಅಂಚಿಗೆ ಮುಟ್ಟಿಸಿದಳು. ಏನನ್ನು ಮುಟ್ಟಿಸುತ್ತಿದ್ದೇನೆಂದು ಆಕೆಗೆ ಗೊತ್ತಿರಲಿಲ್ಲ, ಅಲ್ಲಿದ್ದ ಪ್ರಾಯದವರು ಯಾರಿಗೂ ಗೊತ್ತಿರಲಿಲ್ಲ. ಲಾಳಿಗೆ ಹಾಗೇ ಬೇಕಿತ್ತು. ಮಗಳಿಗೆ ಅವರಿಗೆಲ್ಲ ಕೂಗಿ ಹೇಳಬೇಕೆನ್ನಿಸಿತು. ಹೇಳಲಿಲ್ಲ.

ಸಾಲು ಮುಗಿಯಿತು. ಸ್ಮಶಾನದಲ್ಲಿ ಗುಂಡಿ ತೋಡಿದವರು ಕಾಯುತ್ತಿದ್ದಾರೆಂದು ಯಾರೋ ನೆನಪಿಸಿದರು. ಬಡಗಿ ಮುಚ್ಚಳ ಎತ್ತಿಕೊಂಡು ಮಗಳನ್ನು ನೋಡಿದ. "ಇನ್ನೊಂದು ನಿಮಿಷ ಅಣ್ಣಾ," ಎಂದಳು ಅವಳು.

ಕಟ್ಟೆಯ ಮೇಲೆ ಮೊಣಕಾಲೂರಿದಳು. ತಾಯಿಯ ಮುಖದ ಮೇಲೆ ಬಾಗಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು, ತುಟಿ ಆಡಿಸತೊಡಗಿದಳು. ಒಂದು ಎಳೆ ದನಿಯೂ ಬರಲಿಲ್ಲ. ಬೈಯುತ್ತಿದ್ದಳೋ, ಅಂದು ಊಟದ ಡಬ್ಬಿ ಬಿಚ್ಚಿ ಹೇಳಬೇಕೆಂದುಕೊಂಡದ್ದನ್ನು ಹೇಳುತ್ತಿದ್ದಳೋ, ಎರಡೂ ಸೇರಿತ್ತೋ. ಹುಬ್ಬು ಒಮ್ಮೆ ಗಂಟಿಕ್ಕುತ್ತಿತ್ತು, ಒಮ್ಮೆ ಸಡಿಲುತ್ತಿತ್ತು. ಸುತ್ತ ನಿಂತವರಿಗೆ ಅದು ಪ್ರಾರ್ಥನೆಯಂತೆ ಕಂಡಿತು.

ಮೂವರು ಮುದುಕಿಯರು ಎದುರಿಗೇ ನಿಂತಿದ್ದರು. ಆಡುವ ತುಟಿ ಕಂಡರೆ ಶೆಡ್ಡಿನ ಆ ತುದಿಯಿಂದಲೂ ಓದಿಬಿಡುತ್ತಿದ್ದವರು. ಯಾರ ಮನೆಯ ಗುಟ್ಟನ್ನೂ ಬಿಟ್ಟವರಲ್ಲ. ಮೊದಲು ಗಂಟಿನಕ್ಕ ಮುಖ ತಿರುಗಿಸಿದಳು. ಆಮೇಲೆ ಬಣ್ಣದಮ್ಮ. ದಪ್ಪಕ್ಕ ಇನ್ನೂ ನೋಡುತ್ತಿದ್ದುದನ್ನು ಕಂಡು ಗಂಟಿನಕ್ಕ ಅವಳ ತೋಳು ಹಿಡಿದು ಎಳೆದಳು. ಮೂವರೂ ಪೆಟ್ಟಿಗೆಗೆ ಬೆನ್ನು ಮಾಡಿ, ಹೆಗಲಿಗೆ ಹೆಗಲು ತಾಗಿಸಿ, ಬೀನ್ಸಿನ ಬಳ್ಳಿಯ ಕಡೆ ನೋಡುತ್ತ ನಿಂತರು. ಅವರ ಬೆನ್ನ ಹಿಂದೆ ಮಗಳ ತುಟಿಗಳು ಇನ್ನೂ ಆಡುತ್ತಿದ್ದವು.